ರಗ್ಬಿ ಕ್ಲಬ್ಬಿನಲ್ಲಿ ಅಳತೆರಾಯರು

ಪರದೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಕಿಟಕಿ ಬಾಗಿಲುಗಳ ಅಳತೆ ತೆಗೆದ ಮನುಷ್ಯನಿಗೆ ಬೇರೆ ಹೆಸರೇಕೆ ಎಂದುಕೊಂಡರೋ ಏನೋ, ಬೀದಿಯವರೆಲ್ಲ ಅವರನ್ನು ಅಳತೆರಾಯರು ಎಂದೇ ಕರೆಯುತ್ತಿದ್ದರು. ಯಾರ ಮನೆಯ ಕಿಟಕಿ ಎಷ್ಟು ಅಗಲ, ಯಾರ ಮನೆಯ ಬಾಗಿಲು ಯಾವ ಕಡೆಗೆ ಅರ್ಧ ಅಂಗುಲ ವಾಲಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತಮ್ಮದೇ ಉದ್ದಗಲದ ವಿಚಾರದಲ್ಲಿ ಮಾತ್ರ ಒಂದು ಸಲ ಲೆಕ್ಕ ತಪ್ಪಿದರು. ಅವರ ತೂಕ ಐವತ್ತೊಂದು ಕಿಲೋ. ಅದೂ ಟೇಪು, ಸೀಮೆಸುಣ್ಣ, ಬೀಗದ ಕೈ ಗೊಂಚಲು ಜೇಬಿನಲ್ಲಿದ್ದಾಗ.

ಇದಕ್ಕೆಲ್ಲ ಮೂಲ ಕಾರಣ ಡಾಕ್ಟರು. "ಬಿಪಿ ಸ್ವಲ್ಪ ಜಾಸ್ತಿ ಇದೆ. ಏನಾದ್ರೂ ಒಂದು ಆಟ ಆಡಿ," ಎಂದರು.

"ಯಾವ ಆಟ ಡಾಕ್ಟ್ರೇ?"

"ಯಾವುದಾದ್ರೂ ಸರಿ," ಎಂದು ಅವರು ಮುಂದಿನ ರೋಗಿಯನ್ನು ಕರೆದರು. ಇನ್ನೆರಡು ಮಾತು ಸೇರಿಸಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಬಸ್ ಡಿಪೋದ ಹಿಂದೆ ಒಂದು ಕ್ಲಬ್ಬಿತ್ತು. ದೊಡ್ಡ ಮೈದಾನ, ಮೈದಾನದ ಒಂದು ತುದಿಯಲ್ಲಿ ಎರಡಂತಸ್ತಿನ ಹಳೇ ಕಟ್ಟಡ. ಅದರ ಹಣೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ರಗ್ಬಿ ಕ್ಲಬ್ ಎಂದು ಬರೆದಿತ್ತು. ಅದರ ಕೆಳಗೆ ಗೇಣುದ್ದದ ಅಕ್ಷರಗಳಲ್ಲಿ ಹಾಕಿ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಬಿಲ್ಲುಗಾರಿಕೆ. ಬೋರ್ಡ್ ಬರೆದವನಿಗೆ ಹಲಗೆ ಮುಗಿದುಹೋದ ಜಾಗದಲ್ಲಿ, ಇರುವೆ ಗಾತ್ರದಲ್ಲಿ, ಚದುರಂಗ.

ರಾಯರು ಹೋದಾಗ ಮೈದಾನದಲ್ಲಿ ರಗ್ಬಿಯವರ ಅಭ್ಯಾಸ ನಡೆದಿತ್ತು. ಹದಿನಾರು ಜನ ದಪ್ಪನೆಯವರು, ಒಬ್ಬರ ಕಂಕುಳಲ್ಲಿ ಒಬ್ಬರು ತಲೆ ತೂರಿಸಿಕೊಂಡು, ಬಗ್ಗಿ, ಹೂಂಕರಿಸುತ್ತ ಎದುರುಬದುರಾಗಿ ನೂಕುತ್ತಿದ್ದರು. ರಾಯರು ಸ್ವಲ್ಪ ಹೊತ್ತು ನೋಡಿ, ಪಕ್ಕದಲ್ಲಿ ಸೀಟಿ ಹಿಡಿದು ನಿಂತವರನ್ನು ಕೇಳಿದರು: "ಏನಾದ್ರೂ ಕಳ್ಕೊಂಡಿದಾರಾ?"

"ಚೆಂಡು ಒಳಗಿದೆ."

"ಒಬ್ಬರೇ ಬಗ್ಗಿ ತಗೊಂಡ್ರೆ ಆಗಲ್ವಾ?"

ಸೀಟಿಯವರು ಇವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮಹಡಿಯ ಮೆಟ್ಟಿಲ ಕಡೆ ಕೈ ತೋರಿಸಿದರು. ಮೇಲೆ ಒಂದು ಕೋಣೆಯಲ್ಲಿ ಫ್ಯಾನಿತ್ತು, ಒರಗುವ ಕುರ್ಚಿಗಳಿದ್ದವು, ಮೂರು ಜನ ಮೂರು ಚದುರಂಗದ ಮಣೆಗಳ ಮುಂದೆ ಕೂತಿದ್ದರು. ಅವರಲ್ಲಿ ಒಬ್ಬರಾದ ಔಷಧಿ ಅಂಗಡಿಯವರು ಆ ವಿಭಾಗದ ಕಾರ್ಯದರ್ಶಿ. ನಾಲ್ಕನೆಯವರೊಬ್ಬರು ಸಿಗಲಿ ಎಂದು ಅವರು ಎರಡು ವರ್ಷದಿಂದ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದರಂತೆ. ರಾಯರು ಒಳಗೆ ಇನ್ನೊಂದು ಕಾಲು ಇಡುವುದರೊಳಗೆ ಫಾರಂ ತುಂಬಿಯಾಗಿತ್ತು.

ಸದಸ್ಯರಾದವರಿಗೆಲ್ಲ ಕ್ಲಬ್ಬು ಒಂದು ಜರ್ಕಿನ್ ಕೊಡುತ್ತಿತ್ತು. ಯಾವ ವಿಭಾಗವಾದರೂ ಜರ್ಕಿನ್ ಒಂದೇ ಎಂಬುದು ಕ್ಲಬ್ಬಿನ ಅಧ್ಯಕ್ಷರ ಹಟ. ಬೆನ್ನ ತುಂಬ ರಗ್ಬಿ ಕ್ಲಬ್ ಎಂಬ ಬಿಳಿ ಅಕ್ಷರಗಳು. ಉಳಿದಿದ್ದದ್ದು ಅತಿ ದೊಡ್ಡ ಸೈಜಿನದೊಂದೇ. ಅದನ್ನು ತೊಟ್ಟು ರಾಯರು ಮನೆಗೆ ಹೋದಾಗ, ಜರ್ಕಿನ್ನು ಮುಂದೆ ಬಂದು, ಅವರು ಆಮೇಲೆ ಬಂದಂತಿತ್ತು.

ಅವರ ಹೆಂಡತಿ ಆಸ್ಪತ್ರೆಗಳ ಬೆಡ್‌ಶೀಟ್ ಒಗೆಯುವ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದರು. ಒದ್ದೆ ಬಟ್ಟೆಯ ಮೂಟೆ ಎತ್ತಿ ಎತ್ತಿ ಭುಜ ಗಟ್ಟಿಯಾದ, ಮಾತು ನೇರವಾದ ಹೆಂಗಸು. ಗಂಡನನ್ನು ತಿರುಗಿಸಿ ನಿಲ್ಲಿಸಿ ಬೆನ್ನು ಓದಿ, ಕುರ್ಚಿ ಎಳೆದುಕೊಂಡು ಕೂತರು.

"ರೀ, ರಗ್ಬಿ ಸೇರ್ಕೊಂಡ್ರಾ?"

"ರಗ್ಬಿ ಕ್ಲಬ್ ಸೇರ್ಕೊಂಡೆ," ಎಂದರು ರಾಯರು. ಇದು ಅಕ್ಷರಶಃ ನಿಜ. ಚದುರಂಗ ವಿಭಾಗ ಎಂದು ಸೇರಿಸುವ ಉದ್ದೇಶವೂ ಅವರಿಗಿತ್ತು. ಆದರೆ ಅಷ್ಟರಲ್ಲಿ ಹೆಂಡತಿಯ ಕಣ್ಣು ನೋಡಿದರು. ಮದುವೆಯಾದಾಗಿನಿಂದ ಆ ಕಣ್ಣಿನಲ್ಲಿ ಪ್ರೀತಿ ಕಂಡಿದ್ದರು, ಕನಿಕರ ಕಂಡಿದ್ದರು, ಸಂಬಳದ ದಿನ ಅನುಮಾನವನ್ನೂ ಕಂಡಿದ್ದರು. ಬೆರಗು ಕಂಡಿದ್ದು ಅದೇ ಮೊದಲು. ಗಂಟಲವರೆಗೆ ಬಂದ ಮಾತು ಅಲ್ಲಿಂದಲೇ ಹೊರಗೊಮ್ಮೆ ಇಣುಕಿ ನೋಡಿ ವಾಪಸು ಇಳಿದುಹೋಯಿತು.

ಮುಂದೆ ಎರಡು ತಿಂಗಳು ರಾಯರು ಮನೆಯಲ್ಲಿ ಒಂದೇ ಒಂದು ಸುಳ್ಳು ಹೇಳಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹೆಂಡತಿ ದಿನಾ ಕೇಳುತ್ತಿದ್ದರು, ಅವರು ದಿನಾ ನಡೆದದ್ದನ್ನು ನಡೆದ ಹಾಗೇ ಹೇಳುತ್ತಿದ್ದರು.

"ಇವತ್ತು ಹೇಗಿತ್ತು?"

"ಕಷ್ಟ ಆಯ್ತು ಕಣೇ. ಶುರುವಾಗಿ ಹತ್ತು ನಿಮಿಷಕ್ಕೇ ನಮ್ಮ ಆನೆ ಹೋಯ್ತು."

ದಪ್ಪಗಿರುವ ಯಾರಿಗೋ ಹಾಗೆ ಅಡ್ಡಹೆಸರಿಟ್ಟಿದ್ದಾರೆ ಎಂದು ಹೆಂಡತಿ ಅರ್ಥ ಮಾಡಿಕೊಂಡರು. "ಅಯ್ಯೋ ಪಾಪ. ಆಸ್ಪತ್ರೆಗೆ ಕರ್ಕೊಂಡು ಹೋದ್ರಾ?"

"ಆಸ್ಪತ್ರೆ ಎಲ್ಲಿಂದ ಬಂತು. ಪೆಟ್ಟಿಗೆಗೆ ಹಾಕಿದ್ವಿ."

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ನಾಳೆ... ನಾಳೆ ಆಟಕ್ಕೆ?"

"ನಾಳೆ ಮತ್ತೆ ನಿಲ್ಲಿಸ್ತೀವಿ."

ಎಂಥ ಗಟ್ಟಿ ಜನ ಎಂದು ಆಕೆ ಎರಡು ದಿನ ಲಾಂಡ್ರಿಯಲ್ಲಿ ಹೇಳಿಕೊಂಡು ತಿರುಗಿದರು. ಮೂರನೆಯ ದಿನ ಹೋಗಿ ಲೈಬ್ರರಿಯಿಂದ ರಗ್ಬಿ ನಿಯಮಗಳ ಪುಸ್ತಕ ತಂದರು. ಗಂಡ ಬೆನ್ನ ಮೇಲೆ ಹೊತ್ತುಕೊಂಡು ಬರುವ ಆಟ ತನಗೆ ಅರ್ಥವಾಗದಿದ್ದರೆ ಹೇಗೆ ಎಂಬುದು ಅವರ ವಾದ. ಇಸ್ತ್ರಿ ಮಾಡುವಾಗ ಒಂದು ಪುಟ, ಬಸ್ಸಿಗೆ ಕಾಯುವಾಗ ಎರಡು ಪುಟ ಓದಿದರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಬಾರದು, ಹಿಂದಕ್ಕೇ ಎಸೆಯಬೇಕು ಎಂಬುದು ಅವರಿಗೆ ಬಹಳ ಹಿಡಿಸಿತು. ಗೆರೆ ದಾಟಿದರೆ ಸಾಲದು, ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಮಾತ್ರ ಅಂಕ ಎಂಬ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಇದನ್ನೆಲ್ಲ ಗಂಡನಿಗೆ ಒಪ್ಪಿಸಿದಾಗ ರಾಯರು, "ಹೌದಾ? ಒಳ್ಳೇದು," ಎಂದರು. ಎಷ್ಟು ಆಡಿದರೂ ಜಂಬವಿಲ್ಲ ನೋಡು ಎಂದುಕೊಂಡರು ಹೆಂಡತಿ.

ಅಷ್ಟರಲ್ಲಿ ರಾಯರ ಕಣ್ಣಿಗೆ ಏಟು ಬಿತ್ತು. ಆದದ್ದಿಷ್ಟೇ. ದಂತವೈದ್ಯರೊಬ್ಬರ ಮನೆಯಲ್ಲಿ ಪರದೆ ಕಂಬಿ ಕೂರಿಸಲು ಏಣಿ ಹತ್ತಿದ್ದರು. ಕಂಬಿಯ ಒಂದು ತುದಿ ಜಾರಿ ಎಡಗಣ್ಣಿನ ಕೆಳಗೆ ಬಡಿಯಿತು. ಸಂಜೆಯ ಹೊತ್ತಿಗೆ ಆ ಜಾಗ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಹೆಂಡತಿ ಏನೂ ಕೇಳದೆ ತಣ್ಣೀರು ಬಟ್ಟೆ ಇಟ್ಟರು. ಕೇಳುವ ಕೆಲಸವನ್ನು ಮೇಲಿನ ಮನೆಯ ಮೇಷ್ಟ್ರು ವಹಿಸಿಕೊಂಡರು. ನಿವೃತ್ತರಾದ ಮೇಲೆ ಅವರಿಗೆ ಪ್ರಶ್ನೆ ಕೇಳಲು ಮಕ್ಕಳು ಸಿಗದೆ, ತಾವೆಲ್ಲ ವಾಸವಿದ್ದ ಕಟ್ಟಡದ ಹನ್ನೆರಡು ಮನೆಗಳ ಮೇಲೇ ಅಭ್ಯಾಸ ಮುಂದುವರಿಸಿದ್ದರು. ಬಂದು, ಟೀ ಲೋಟ ಹಿಡಿದು, ಕಣ್ಣನ್ನು ಹತ್ತಿರದಿಂದ ಪರೀಕ್ಷಿಸಿದರು.

"ನಿಮಗೇ ಹೀಗಾದ್ರೆ, ಎದುರಿಗಿದ್ದ ಆಸಾಮಿ ಗತಿ ಏನು?"

ರಾಯರ ತಲೆಯ ತುಂಬ ಆ ಕಂಬಿಯೇ ಇತ್ತು. "ನಾನು ಬಿಡ್ತೀನಾ ಮೇಷ್ಟ್ರೇ? ನಾಲ್ಕು ಮೊಳೆ ಹೊಡೆದು ಗೋಡೆಗೆ ಕೂರಿಸಿ ಬಂದೆ."

ಮೇಷ್ಟ್ರು ಟೀ ಅರ್ಧಕ್ಕೇ ಇಟ್ಟು ಎದ್ದುಹೋದರು. ಅರ್ಧ ಗಂಟೆಯಲ್ಲಿ ಹನ್ನೆರಡು ಮನೆಗಳಿಗೂ ಸುದ್ದಿ ಮುಟ್ಟಿತು. ಕೊನೆಯ ಮನೆಗೆ ತಲುಪುವ ಹೊತ್ತಿಗೆ ಮೊಳೆಗಳು ಎಂಟಾಗಿದ್ದವು.

ಮರುದಿನ ಬೆಳಿಗ್ಗೆ ನಿವಾಸಿಗಳ ನಿಯೋಗವೊಂದು ರಾಯರ ಬಾಗಿಲಿಗೆ ಬಂತು. ಹಾಸಿಗೆ ಸಾಗಿಸುವ ಲಾರಿಯೊಂದು ದಿನಾ ಬೆಳಿಗ್ಗೆ ಕಟ್ಟಡದ ಗೇಟಿಗೆ ಅಡ್ಡ ನಿಲ್ಲುತ್ತಿತ್ತು. ಡ್ರೈವರು ಯಾರ ಮಾತಿಗೂ ಜಗ್ಗದ ಮನುಷ್ಯ. "ನೀವೊಂದು ಮಾತು ಹೇಳಿಬಿಟ್ರೆ..." ಎಂದು ಮೇಷ್ಟ್ರು ರಾಗ ಎಳೆದರು.

ರಾಯರು ಜರ್ಕಿನ್ ತೊಟ್ಟು ಕೆಳಗಿಳಿದರು. ಬೇಡಿಕೊಳ್ಳುವ ಉದ್ದೇಶವೇ ಇತ್ತು. ಆದರೆ ಬೇಡಿಕೊಳ್ಳುವುದಕ್ಕೂ ಆಧಾರ ಬೇಕಲ್ಲ? ಆದ್ದರಿಂದ ಅಭ್ಯಾಸಬಲದಿಂದ ಟೇಪು ತೆಗೆದು ಲಾರಿಗೂ ಗೇಟಿಗೂ ನಡುವಿನ ಸಂದು ಅಳೆದರು. ಆಮೇಲೆ ಎತ್ತರದ ವಾಹನವೊಂದು ಬಂದರೆ ಹೇಗೆ ಎಂಬ ಯೋಚನೆ ಬಂದು, ಗೇಟಿನ ಕಮಾನಿನ ಎತ್ತರವನ್ನು ಕಣ್ಣಂದಾಜಿನಲ್ಲಿ ಅಳೆಯುತ್ತ ಅದರ ಕೆಳಗೆ ನಿಂತಿದ್ದ ಡ್ರೈವರನ್ನು ಕಾಲಿನಿಂದ ತಲೆಯವರೆಗೆ ನಿಧಾನವಾಗಿ ನೋಡಿದರು. ನೋಡಿ, ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಡ್ರೈವರು ಜರ್ಕಿನ್ ನೋಡಿದ, ಬದನೆಕಾಯಿ ಬಣ್ಣದ ಕಣ್ಣು ನೋಡಿದ. "ಏನ್ ಸಾರ್ ಬರ್ಕೊಂಡ್ರಿ?"

"ಆರಡಿ ಎರಡಂಗುಲ," ಎಂದರು ರಾಯರು. "ಸಾಲುತ್ತೋ ಇಲ್ವೋ ನೋಡ್ಬೇಕು."

ಅದು ಸಂದಿನ ಅಳತೆ. ಆದರೆ ಡ್ರೈವರನ ಎತ್ತರವೂ ಆರಡಿ ಎರಡಂಗುಲವೇ ಆಗಿತ್ತು. ಅವನು ಸರಸರನೆ ಲಾರಿ ಹತ್ತಿದ. ಆಮೇಲೆ ಆ ಲಾರಿ ಆ ಬೀದಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ಸುದ್ದಿ ಇಷ್ಟಕ್ಕೇ ನಿಂತಿದ್ದರೆ ರಾಯರು ಸುಖವಾಗಿರುತ್ತಿದ್ದರು. ಆದರೆ ಹೆಂಡತಿ ತಂದೆಗೆ ಫೋನ್ ಮಾಡಿ ಎಲ್ಲವನ್ನೂ ವಿವರವಾಗಿ ಹೇಳಿದರು. ರಾಯರ ಮಾವ ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕಾದ ಆಳು, ದೊಡ್ಡ ಬಿಳಿ ಮೀಸೆ. ಬಲಗೈ ಮೇಲೆ ಸುಟ್ಟ ಗಾಯದ ಕಲೆ. ಅದನ್ನು ಕಂಡರೆ ಮನೆಮಂದಿಗೆಲ್ಲ ಭಯಭಕ್ತಿ. ಇಂಥವರು ಇಷ್ಟು ವರ್ಷವೂ ಫೋನಿನಲ್ಲಿ ಮಗಳನ್ನು, "ಅಳಿಯಂದ್ರು ಇದಾರಾ? ಕಿಟಕಿ ಗಿಟಕಿ ಮುಚ್ಚಿಡಮ್ಮ, ಗಾಳಿ ಜೋರಾಗಿದೆ," ಎಂದೇ ಮಾತಾಡಿಸುತ್ತಿದ್ದರು. ಅಂದು ಮೊದಲ ಸಲ, "ಅಳಿಯಂದ್ರಿಗೆ ಕೊಡು," ಎಂದರು.

"ಭಾನುವಾರ ಬರ್ತಾ ಇದೀನಿ," ಎಂದಿತು ಫೋನು. "ನಿಮ್ಮ ಆಟ ನೋಡ್ಬೇಕು."

ಆ ಒಂದು ಮಾತಿನಲ್ಲಿದ್ದ ಗೌರವಕ್ಕಾಗಿ ರಾಯರು ಮದುವೆಯ ದಿನದಿಂದ ಕಾದಿದ್ದರು. ಈಗ ಅದು ಸಿಕ್ಕಿತು, ಸಿಕ್ಕ ಕ್ಷಣದಿಂದ ಊಟ ಸೇರಲಿಲ್ಲ.

ರಗ್ಬಿ ತಂಡದ ನಾಯಕ ಒಬ್ಬ ಬೇಕರಿಯವನು. ಬಾಗಿಲಿನಷ್ಟು ಅಗಲ, ಬೆಣ್ಣೆಯಂಥ ಸ್ವಭಾವ. ರಾಯರು ಬೇಕರಿಯ ಹಿಂಬಾಗಿಲಿನಿಂದ ಹೋಗಿ ಎಲ್ಲವನ್ನೂ ಒದರಿದರು. ನಾಯಕ ಹಿಟ್ಟು ನಾದುವುದನ್ನು ನಿಲ್ಲಿಸದೆ ಕೇಳಿಸಿಕೊಂಡ.

"ಅಷ್ಟೇ ತಾನೇ ಸಾರ್? ನಮ್ಮ ಬಟ್ಟೆ ಹಾಕ್ಕೊಂಡು ಬದಲಿ ಆಟಗಾರರ ಬೆಂಚಲ್ಲಿ ಕೂತ್ಕೊಳ್ಳಿ. ಹದಿನೈದು ಜನ ಆಡ್ತೀವಿ, ನಿಮ್ಮನ್ನ ಯಾಕೆ ಕರೀತೀವಿ? ಮಾವನೋರು ನೋಡ್ತಾರೆ, ಹೋಗ್ತಾರೆ."

ಇಂಥ ಪುಣ್ಯಾತ್ಮ ಇದ್ದಾನಲ್ಲ ಎಂದು ಹಗುರಾಗಿ ರಾಯರು ಕ್ಲಬ್ಬಿಗೆ ಹೋದರೆ, ಚದುರಂಗದ ಕೋಣೆಯ ಬಾಗಿಲಲ್ಲೇ ಔಷಧಿ ಅಂಗಡಿಯವರು ತಡೆದು ನಿಲ್ಲಿಸಿದರು. ಅವರ ಮುಖ ಅರಳಿತ್ತು. "ಹನ್ನೊಂದು ವರ್ಷದ ಮೇಲೆ ನಾವು ಪಂದ್ಯ ಆಡ್ತಾ ಇದೀವಿ. ನೆರೆ ಕ್ಲಬ್ಬಿನವರ ಮೇಲೆ. ನಾಲ್ಕು ಮಣೆ, ನಾಲ್ಕು ಜನ. ಒಬ್ರು ಕಮ್ಮಿ ಆದ್ರೂ ಸೋತಂಗೆ. ಭಾನುವಾರ ಹತ್ತು ಗಂಟೆಗೆ."

ರಗ್ಬಿಯೂ ಭಾನುವಾರ ಹತ್ತು ಗಂಟೆಗೇ. ಅಧ್ಯಕ್ಷರಿಗೆ ವಿಭಾಗಗಳ ಒಗ್ಗಟ್ಟಿನ ಮೇಲೆ ಅಷ್ಟು ಪ್ರೀತಿ.

ಎರಡು ಕಡೆಯೂ ಇಲ್ಲ ಎನ್ನಲಾರದ ಮನುಷ್ಯ ಏನು ಮಾಡಬೇಕೋ ಅದನ್ನೇ ರಾಯರು ಮಾಡಿದರು. ಎರಡು ಕಡೆಯೂ ಹೂಂ ಅಂದರು. ಕ್ಲಬ್ಬಿನ ಕಟ್ಟಡ ಇದ್ದದ್ದು ಮೈದಾನದ ತುದಿಯಲ್ಲಿ, ಎರಡನೇ ಅರ್ಧದಲ್ಲಿ ಎದುರಾಳಿಗಳು ಕಾಯುವ ಗೆರೆಯ ಸರಿ ಹಿಂದೆ. ಬೆಂಚು ಆ ತುದಿಗೇ ಹತ್ತಿರ. ಬೆಂಚಿನಿಂದ ಬಾಗಿಲಿಗೆ ನಲವತ್ತು ಹೆಜ್ಜೆ, ಬಾಗಿಲಿನಿಂದ ಕೋಣೆಗೆ ಇಪ್ಪತ್ಮೂರು ಮೆಟ್ಟಿಲು. ರಾಯರು ಎರಡು ಸಲ ಅಳೆದು ನೋಡಿದರು. ಎದುರಿನವರು ಕಾಯಿ ನಡೆಸಿದ ಕೂಡಲೇ ಔಷಧಿ ಅಂಗಡಿಯವರು ಕಿಟಕಿಯಿಂದ ಬಿಳಿ ಕರವಸ್ತ್ರ ಬೀಸುವುದು, ರಾಯರು ಓಡಿಬಂದು ತಮ್ಮ ಕಾಯಿ ನಡೆಸಿ ಮತ್ತೆ ಬೆಂಚಿಗೆ ಓಡುವುದು ಎಂದು ಮಾತಾಯಿತು.

ಭಾನುವಾರ ಬಂತು. ರಾಯರ ಕಟ್ಟಡದ ಹನ್ನೆರಡು ಮನೆಗಳಲ್ಲಿ ಒಂಬತ್ತು ಮನೆಯವರು ಬಂದರು. ಮಾವ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತರು. ರಾಯರು ಮೊಣಕಾಲು ಮುಚ್ಚುವ ಚಡ್ಡಿ, ಮೊಣಕೈ ದಾಟುವ ಬನಿಯನ್ನು ತೊಟ್ಟು ಬೆಂಚಿನ ತುದಿಯಲ್ಲಿ ಕೂತರು. ಕರವಸ್ತ್ರ ಆಡಿತು. ರಾಯರು ಎದ್ದು ಓಡಿದರು.

"ಎಲ್ಲಿಗೆ ಹೋಗ್ತಿದಾರೆ?" ಎಂದರು ಹೆಂಡತಿ.

"ಮೈ ಬಿಸಿ ಮಾಡ್ಕೋತಾ ಇದಾರೆ," ಎಂದರು ಮಾವ, ತಿಳಿದವರ ಹಾಗೆ.

ಮೇಲೆ ರಾಯರ ಎದುರು ಕೂತಿದ್ದವರು ಒಬ್ಬ ಲೈಬ್ರರಿಯನ್ನು. ಜೋರಾಗಿ ಉಸಿರಾಡಿದರೂ ತಪ್ಪು ಎಂದು ನಂಬಿದವರು. ಅವರು ಆರು ನಿಮಿಷ ಯೋಚಿಸಿ ಒಂದು ಕಾಲಾಳು ನಡೆಸಿದರೆ, ಚಡ್ಡಿ ತೊಟ್ಟವನೊಬ್ಬ ಬುಸುಗುಟ್ಟುತ್ತ ಬಂದು, ನಿಂತಲ್ಲೇ ಮೂರು ಎಣಿಸುವುದರೊಳಗೆ ಕಾಯಿ ನಡೆಸಿ, ಗಡಿಯಾರದ ಗುಂಡಿ ಒತ್ತಿ, ಮೆಟ್ಟಿಲಿಳಿದು ಓಡಿಹೋಗುತ್ತಿದ್ದ. ಐದನೇ ಸಲ ಹೀಗಾದಾಗ ಲೈಬ್ರರಿಯನ್ ತೀರ್ಪುಗಾರರನ್ನು ಪಿಸುಗುಟ್ಟಿ ಕೇಳಿದರು: "ಇವರು ನನ್ನನ್ನ ಇಷ್ಟು ಸಸಾರ ಮಾಡ್ತಾರಲ್ಲ, ಯಾರು ಇವರು?"

ತೀರ್ಪುಗಾರರು ರಿಜಿಸ್ಟ್ರಾರ್ ಕಚೇರಿಯಲ್ಲಿ ಜೀವ ತೇಯ್ದವರು. ನಿಯಮಗಳ ಪುಸ್ತಕ ತಿರುವಿ, "ಓಡಬಾರದು ಅಂತ ಎಲ್ಲೂ ಇಲ್ಲ," ಎಂದರು. ಲೈಬ್ರರಿಯನ್ ಮಣೆ ಬಿಟ್ಟು ಬಾಗಿಲನ್ನೇ ನೋಡತೊಡಗಿದರು. ಹತ್ತನೇ ಸಲದ ಹೊತ್ತಿಗೆ ಅವರ ಒಂದು ಕುದುರೆ, ಒಂದು ಆನೆ ಹೋಗಿದ್ದವು. ಉಳಿದ ಮೂರು ಮಣೆಗಳಲ್ಲಿ ಒಂದು ಗೆಲುವು, ಒಂದು ಸೋಲು, ಒಂದು ಸಮ. ಇನ್ನೆಲ್ಲ ರಾಯರ ಮೇಲೆ ನಿಂತಿತ್ತು.

ಕೆಳಗೆ ಆಟ ಮುಗಿಯಲು ಐದು ನಿಮಿಷವಿತ್ತು, ಎರಡೂ ಕಡೆ ಅಂಕ ಸಮವಾಗಿತ್ತು. ಅಷ್ಟರಲ್ಲಿ ಅಂಚಿನಲ್ಲಿ ಆಡುತ್ತಿದ್ದವನೊಬ್ಬನ ಮೂಗಿನಿಂದ ರಕ್ತ ಬಂತು. ಬೆಂಚಿನಲ್ಲಿದ್ದ ಉಳಿದವರೆಲ್ಲ ಆಗಲೇ ಬದಲಿಯಾಗಿ ಮೈದಾನಕ್ಕೆ ಇಳಿದಿದ್ದರು. ನಾಯಕ ಓಡಿಬಂದ.

"ಸಾರ್, ತಪ್ಪು ತಿಳ್ಕೋಬೇಡಿ. ಎರಡೇ ನಿಮಿಷ. ಅವನು ಮೂಗು ಒರೆಸ್ಕೊಂಡು ಬರ್ತಾನೆ. ನೀವು ಆ ಅಂಚಲ್ಲಿ ನಿಂತಿರಿ ಸಾಕು. ಚೆಂಡು ಬಂದ್ರೆ ಪಕ್ಕಕ್ಕೆ ಸರೀರಿ."

ರಾಯರು ಹೋಗಿ ನಿಂತರು. ಒಂಬತ್ತು ಮನೆಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾವ ಕಟ್ಟಿದ ಕೈ ಬಿಚ್ಚಿದರು. ಹೆಂಡತಿ ಪುಸ್ತಕ ಮುಚ್ಚಿದರು.

ರಗ್ಬಿಯ ಚೆಂಡು ಉರುಟಾಗಿರುವುದಿಲ್ಲ, ಮೊಟ್ಟೆಯ ಆಕಾರದಲ್ಲಿರುತ್ತದೆ. ಎಲ್ಲಿ ಪುಟಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಯಾರ ಕೈಯಿಂದಲೋ ಜಾರಿ, ಎರಡು ಸಲ ವಕ್ರವಾಗಿ ಪುಟಿದು, ಪಕ್ಕಕ್ಕೆ ಸರಿಯುತ್ತಿದ್ದ ರಾಯರ ತೋಳಿನೊಳಕ್ಕೇ ಬಂದು ಕೂತಿತು. ಅದೇ ಹೊತ್ತಿಗೆ ಮಹಡಿಯ ಕಿಟಕಿಯಲ್ಲಿ ಬಿಳಿ ಕರವಸ್ತ್ರ ಆಡಿತು. ಬರೀ ಆಡಲಿಲ್ಲ, ಕುಣಿಯಿತು. ಮಣೆಯ ಪಕ್ಕದ ಗಡಿಯಾರದಲ್ಲಿ ರಾಯರ ಪಾಲಿನ ಸಮಯ ಓಡಾಟದಲ್ಲೇ ಕರಗಿ, ಉಳಿದಿದ್ದದ್ದು ಎರಡು ನಿಮಿಷ.

ಬೆಳಗಿನಿಂದ ಆ ಕರವಸ್ತ್ರ ಕಂಡರೆ ಓಡುವುದಕ್ಕೆ ಕಾಲು ಪಳಗಿಬಿಟ್ಟಿತ್ತು. ರಾಯರು ಓಡಿದರು. ಚೆಂಡು ಕೈಯಲ್ಲಿದೆ ಎಂಬುದು ಅವರ ಗಮನಕ್ಕೆ ಬರಲಿಲ್ಲ. ಮೂರು ಜನ ಎದುರಾಳಿಗಳು ಅಡ್ಡ ಬಂದರು. ಐವತ್ತೊಂದು ಕಿಲೋದ ಮನುಷ್ಯನನ್ನು ಹಿಡಿದು ಅಭ್ಯಾಸವಿಲ್ಲದ ಆ ತೋಳುಗಳಿಗೆ ಸಿಕ್ಕಿದ್ದು ದೊಡ್ಡ ಬನಿಯನ್ನಿನ ಗಾಳಿ ಮಾತ್ರ. ರಾಯರು ಗೆರೆ ದಾಟಿದರು. ಇನ್ನು ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಆಟ ಗೆದ್ದಂತೆ.

ಎಲ್ಲರೂ ಸುಮ್ಮನೆ ಕೂಗುತ್ತಿದ್ದಾಗ ಒಂದೇ ಒಂದು ಧ್ವನಿ ಸ್ಪಷ್ಟವಾಗಿ ಕೇಳಿಸಿತು. "ರೀ, ನೆಲಕ್ಕೆ ಮುಟ್ಟಿಸ್ರೀ..."

ರಾಯರಿಗೂ ಕೇಳಿಸಿತು. ಆದರೆ ಪರದೆ ನೆಲಕ್ಕೆ ಮುಟ್ಟಬೇಕೋ, ನಾಲ್ಕಂಗುಲ ಮೇಲಿರಬೇಕೋ ಎಂಬ ಚರ್ಚೆಯಲ್ಲೇ ಆಯುಷ್ಯ ಕಳೆದವರು ಅವರು. ಈ ಹೊತ್ತಿನಲ್ಲಿ ಇವಳದೇನು ಪರದೆ ವಿಚಾರ ಎಂದುಕೊಂಡು, ಚೆಂಡು ಆಟದಿಂದ ಹೊರಬೀಳುವ ಹಿಂದಿನ ಗೆರೆಯನ್ನೂ ದಾಟಿ, ಬಾಗಿಲು ಹೊಕ್ಕು, ಚೆಂಡಿನ ಸಮೇತ ಇಪ್ಪತ್ಮೂರು ಮೆಟ್ಟಿಲು ಹತ್ತಿಬಿಟ್ಟರು.

ಮೊದಲು ಎದ್ದವರು ಮಾವ. ಮನುಷ್ಯ ಆ ಪರಿ ಕಟ್ಟಡದೊಳಕ್ಕೆ ಓಡಬೇಕಾದರೆ ಒಳಗೆ ಬೆಂಕಿ ಬಿದ್ದಿರಲೇಬೇಕು ಎಂಬುದು ಅವರ ಮೂವತ್ತು ವರ್ಷದ ತರಬೇತಿ. ಬಾಗಿಲ ಬಳಿ ತೂಗುಹಾಕಿದ್ದ ಮರಳಿನ ಬಕೆಟ್ಟು ಕಿತ್ತುಕೊಂಡು ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು. ಬಂದು ನೋಡಿದರೆ ಹೊಗೆಯಿಲ್ಲ, ಬೆಂಕಿಯಿಲ್ಲ. ಅಳಿಯ ತೊಡೆಯ ಮೇಲೆ ಚೆಂಡಿಟ್ಟುಕೊಂಡು, ಬೆವರು ಸುರಿಸುತ್ತ, ಚದುರಂಗದ ಮಣೆ ನೋಡುತ್ತ ಕೂತಿದ್ದಾನೆ.

ರಾಯರು ತಲೆಯೆತ್ತಿದರು, ಮಾವನನ್ನು ಕಂಡರು. ಎಲ್ಲ ಮುಗಿಯಿತು ಎಂದು ಅವರಿಗೆ ಗೊತ್ತಾಯಿತು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮಾವ ಬಕೆಟ್ಟು ಕೆಳಗಿಟ್ಟು, ಒಂದು ಹೆಜ್ಜೆ ಮುಂದೆ ಬಂದು, ಮಣೆಯ ಮೇಲೆ ಬಗ್ಗಿದರು. ಅವರ ಹುಬ್ಬು ಗಂಟಿಕ್ಕಿತು. ಕಣ್ಣು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಹೋಗಿ ನಿಂತಿತು. ರಾಯರ ಕಣ್ಣೂ ಅಲ್ಲಿಗೇ ಹೋಗಿತ್ತು. ಬೆರಳು ಆಗಲೇ ಒಂಟೆಯ ಕಡೆ ಚಾಚಿತ್ತು.

"ಒಂಟೆ," ಎಂದುಬಿಟ್ಟರು ಮಾವ. "ಒಂಟೆ ನಡೆಸಿ ಅಳಿಯಂದ್ರೇ, ರಾಜ ಅಲ್ಲೇ ಸತ್ತ."

ತೀರ್ಪುಗಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೊರಗಿನವರು ನಡೆ ಹೇಳಿಕೊಟ್ಟರೆ ಆ ಆಟ ಸೋತಂತೆ, ಪುಟ ಹದಿನೇಳು.

"ನಾನೂ ಅದನ್ನೇ ನಡೆಸೋನಿದ್ದೆ," ಎಂದರು ರಾಯರು.

"ಇರಬಹುದು. ಆದರೆ ಕೇಳಿಸಿಬಿಟ್ಟಿದೆಯಲ್ಲ," ಎಂದರು ತೀರ್ಪುಗಾರರು. ಕೇಳಿಸಿದ್ದನ್ನು ಕೇಳಿಸದ ಹಾಗೆ ಮಾಡುವ ನಿಯಮ ಆ ಪುಸ್ತಕದಲ್ಲಿರಲಿಲ್ಲ. ಔಷಧಿ ಅಂಗಡಿಯವರು ಕೈಯಲ್ಲಿದ್ದ ಬಿಳಿ ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು.

ಅಳಿಯ ಮಾವ ಇಬ್ಬರೂ ಹೋಗಿ ಮೆಟ್ಟಿಲ ಮೇಲೆ ಕೂತರು.

"ಮಾವ, ನಾನು ರಗ್ಬಿ ಆಡಲ್ಲ."

"ಅದು ಕಾಣ್ತು."

"ಹೇಳ್ಬೇಕು ಅಂತಾನೇ ಇದ್ದೆ."

ಮಾವ ಮೀಸೆ ತಿರುವಲು ಹೋಗಿ, ಬೇಡವೆನಿಸಿ ಕೈ ಇಳಿಸಿದರು. "ಅಳಿಯಂದ್ರೇ, ಮೂವತ್ತು ವರ್ಷದಲ್ಲಿ ನಮ್ಮ ಠಾಣೆಗೆ ಎಷ್ಟು ಬೆಂಕಿ ಕರೆ ಬಂದಿರಬಹುದು ಹೇಳಿ. ವಾರಕ್ಕೊಂದು ಬಂದ್ರೆ ಹೆಚ್ಚು. ಉಳಿದ ಹೊತ್ತಲ್ಲಿ ನಾವು ಏನ್ ಮಾಡ್ತಿದ್ವಿ ಅಂದ್ಕೊಂಡ್ರಿ?"

ರಾಯರು ತಿರುಗಿ ನೋಡಿದರು.

"ಚದುರಂಗ. ಬೆಳಿಗ್ಗೆಯಿಂದ ಸಂಜೆವರೆಗೆ ಚದುರಂಗ. ಮನೇಲಿ ಯಾರಿಗೂ ಹೇಳಿಲ್ಲ. ಎಲ್ರೂ ನಾನು ದಿನಾ ಬೆಂಕಿ ಜೊತೆ ಹೋರಾಡಿ ಬರ್ತೀನಿ ಅಂದ್ಕೊಂಡಿದ್ರು. ಅಂದ್ಕೊಳ್ಳಲಿ ಅಂತ ಬಿಟ್ಟೆ." ತೋಳಿನ ಕಲೆಯನ್ನು ನೋಡಿಕೊಂಡರು. "ಇದೂ ಅಷ್ಟೇ. ಕುದುರೆ ತಗೊಳ್ಳೋಕೆ ಕೈ ಚಾಚಿದೆ, ಪಕ್ಕದಲ್ಲಿ ಟೀ ಪಾತ್ರೆ ಇತ್ತು."

ರಾಯರಿಗೆ ನಗು ಬಂತು. ಮಾವನ ಮುಂದೆ ನಗುವುದು ಹೇಗೆಂದು ತಿಳಿಯದೆ ಚೆಂಡಿನ ಹಿಂದೆ ಮುಖ ಮರೆಮಾಡಿಕೊಂಡರು. ಪಕ್ಕದಲ್ಲಿ ಮಾವನ ಹೊಟ್ಟೆಯೂ ಕುಲುಕತೊಡಗಿದ್ದು ಕಂಡಿತು. ಅವರಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು. ಆ ನಗು ನಿಂತದ್ದು ಮೆಟ್ಟಿಲ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಹೆಂಗಸನ್ನು ಇಬ್ಬರೂ ಒಟ್ಟಿಗೆ ಕಂಡಾಗ.

ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಹಾಗಾದ್ರೆ ಆ ಆನೆ?" ಎಂದರು ಗಂಡನಿಗೆ.

"ಮರದ್ದು ಕಣೇ."

"ನಾನು ಅವನಿಗೋಸ್ಕರ ಹರಕೆ ಹೊತ್ತಿದ್ದೆ." ಆಮೇಲೆ ತಂದೆಯ ಕಡೆ ತಿರುಗಿ, "ಟೀ ಪಾತ್ರೆ," ಎಂದಷ್ಟೇ ಅಂದರು. ಬಿಳಿ ಮೀಸೆಯ ಆ ದೈತ್ಯ ಗೋಡೆಯ ಕಡೆ ನೋಡತೊಡಗಿದರು.

ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಬಂದಳು. ಊರಿನ ಅರ್ಧಕ್ಕೆ ಸೈಕಲ್ಲಿನಲ್ಲಿ ಅಂಚೆ ಹಂಚುವವಳು. ಕ್ಲಬ್ಬಿನ ಹೆಂಗಸರ ರಗ್ಬಿ ತಂಡದ ನಾಯಕಿ. "ನೆಲಕ್ಕೆ ಮುಟ್ಟಿಸಿ ಅಂತ ಕೂಗಿದ್ದು ಯಾರು?"

"ನಾನೇ. ಯಾಕೆ?"

"ಅಲ್ಲಿ ಇನ್ನೂರು ಜನ ಇದ್ರು. ನಿಯಮ ಗೊತ್ತಿದ್ದಿದ್ದು ನಿಮಗೊಬ್ಬರಿಗೇ. ಎಲ್ಲಿ ಕೆಲಸ ಅಕ್ಕ?"

"ಲಾಂಡ್ರಿಯಲ್ಲಿ. ಒದ್ದೆ ಬೆಡ್‌ಶೀಟ್ ಮೂಟೆ ಎತ್ತೋದು."

"ಒಂದು ಮೂಟೆ ಎಷ್ಟು ತೂಕ ಇರುತ್ತೆ?"

ಆಕೆ ಯೋಚಿಸಿ, ಗಂಡನ ಕಡೆ ಬೆರಳು ತೋರಿಸಿದರು. "ಇವರಷ್ಟು."

ನಾಯಕಿ ಆ ಭುಜಗಳನ್ನು ಒಮ್ಮೆ ಸುತ್ತಿ ಬಂದು ನೋಡಿದಳು. "ನಮ್ಮಲ್ಲಿ ಹದಿನಾಲ್ಕೇ ಜನ ಇದೀವಿ," ಎಂದಳು.

ಒಂದೇ ಮನೆಯವರು ಒಂದೇ ಬೆಳಿಗ್ಗೆ ಎರಡು ವಿಭಾಗಗಳ ಗೆಲುವನ್ನು ತಪ್ಪಿಸಿದ್ದು ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲು ಎಂದು ಅಧ್ಯಕ್ಷರು ಮುಂದಿನ ಸಭೆಯಲ್ಲಿ ನೊಂದು ನುಡಿದರು. ಬೇಕರಿಯವನು ಮಾತ್ರ, "ಓಡಿದ್ದಂತೂ ಚೆನ್ನಾಗಿತ್ತು ಬಿಡಿ ಸಾರ್," ಎಂದ. ರಾಯರು ಮರುದಿನವೇ ಮೇಷ್ಟ್ರ ಮನೆಗೆ ಹೋಗಿ, ಕಣ್ಣಿನದು, ಮೊಳೆಯದು, ಲಾರಿಯದು ಎಲ್ಲ ನಿಜವನ್ನೂ ಹೇಳಿಕೊಂಡರು. ಮೇಷ್ಟ್ರು ಒಂದಕ್ಷರವನ್ನೂ ನಂಬಲಿಲ್ಲ. "ಇಷ್ಟು ಶಕ್ತಿ ಇದ್ದೂ ಇಷ್ಟು ವಿನಯ," ಎಂದು ಹನ್ನೆರಡು ಮನೆಗಳಿಗೂ ಸಾರಿದರು. ರಾಯರು ಆಮೇಲೆ ಆ ಪ್ರಯತ್ನ ಬಿಟ್ಟರು.

ಹೆಂಡತಿ ಎರಡು ದಿನ ಇಬ್ಬರ ಜೊತೆಗೂ ಮಾತು ಬಿಟ್ಟರು. ಮೂರನೆಯ ದಿನ ಲಾಂಡ್ರಿಯಿಂದ ನೇರ ಕ್ಲಬ್ಬಿಗೆ ಹೋದರು. ಮಾವ ಊರಿಗೆ ಹೊರಡುವ ಮಾತನ್ನು ಒಂದೊಂದು ವಾರ ಮುಂದಕ್ಕೆ ಹಾಕುತ್ತ, ದಿನಾ ಸಂಜೆ ಅಳಿಯನ ಜೊತೆ ಮಹಡಿಯ ಕೋಣೆಯಲ್ಲಿ ಕೂರತೊಡಗಿದರು. ಬಾಯಿ ಬಿಡಬಾರದೆಂದು ಔಷಧಿ ಅಂಗಡಿಯವರು ಅವರಿಂದ ಬರೆಸಿಕೊಂಡಿದ್ದರು.

ಆರು ವಾರ ಕಳೆದು ಹೆಂಗಸರ ಪಂದ್ಯ ಬಂತು. ಅಳಿಯ ಮಾವ ಮುಂದಿನ ಸಾಲಿನಲ್ಲಿ ಒತ್ತಿಕೊಂಡು ಕೂತರು. ಎದುರು ತಂಡದವರು ಮೈದಾನಕ್ಕೆ ಇಳಿದಾಗ ನೆಲ ಸಣ್ಣಗೆ ಅದುರಿದಂತಾಯಿತು. ಮೂವತ್ತು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದ ಮನುಷ್ಯ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡುಬಿಟ್ಟರು.

"ನನ್ನ ಕೈಲಿ ನೋಡೋಕಾಗಲ್ಲ. ನೀವೇ ನೋಡಿ ಹೇಳಿ ಅಳಿಯಂದ್ರೇ."

ಸೀಟಿ ಕೇಳಿಸಿತು. ಗುದ್ದಿದ ಸದ್ದು, ಜನರ ಹೋ ಎನ್ನುವ ಸದ್ದು.

"ಚೆಂಡು ಯಾರ ಹತ್ರ ಇದೆ?"

"ಅವಳ ಹತ್ರಾನೇ," ಎಂದರು ರಾಯರು.

"ಯಾರಾದ್ರೂ ಅಡ್ಡ ಬಂದ್ರಾ?"

"ಒಬ್ಬಳು ಬಂದ್ಲು. ನಮ್ಮ ಬೀರುವಿನಷ್ಟಿದಾಳೆ."

ಮತ್ತೆ ಗುದ್ದಿದ ಸದ್ದು. ಮಾವ ಕೈ ಬಿಗಿಯಾಗಿ ಒತ್ತಿಕೊಂಡರು. "ಬಿದ್ಲಾ?"

"ಬಿದ್ಲು. ಇಬ್ರೂ ಬಿದ್ರು."

"ಎದ್ಲಾ?"

"ನಮ್ಮವಳು ಎದ್ಲು, ಮಾವ," ಎಂದರು ರಾಯರು, ತಾವೇ ಎದ್ದು ನಿಂತು. "ಬೀರು ಇನ್ನೂ ಎದ್ದಿಲ್ಲ."